17ನೆಯ ಶತಮಾನದ ಡಚ್ ಭೂದೃಶ್ಯ ಚಿತ್ರಗಳಲ್ಲಿ ಅಡವಿ ಮತ್ತು ಪ್ರಾಣಿಗಳು

17ನೆಯ ಶತಮಾನದ ಡಚ್ ಗಣರಾಜ್ಯದಲ್ಲಿ, ಎಂದರೆ ಇಂದಿನ ನೆದರ್ಲೆಂಡ್ಸ್ ದೇಶದ ಹಿಂದಿನ ರೂಪವಾಗಿದ್ದ ಏಳು ಪ್ರಾಂತಗಳ ಒಕ್ಕೂಟದಲ್ಲಿ, ಭೂದೃಶ್ಯ ಚಿತ್ರಕಲೆ ಸ್ವತಂತ್ರ ಪ್ರಕಾರವಾಗಿ ನೆಲೆಗೊಂಡಿತು. ಅದುವರೆಗೆ ಬೈಬಲಿನ ಕಥೆಗೋ ಪುರಾಣಪ್ರಸಂಗಕ್ಕೋ ಹಿನ್ನೆಲೆಯಾಗಿ ಬರುತ್ತಿದ್ದ ನೆಲ, ನೀರು, ಮರ, ಆಕಾಶಗಳೇ ಚಿತ್ರದ ವಸ್ತುವಾದಾಗ ಅದನ್ನು ಭೂದೃಶ್ಯ ಎಂದು ಕರೆಯುವುದು ವಾಡಿಕೆ. ಈ ಪ್ರಕಾರದಲ್ಲಿ ಹೆಚ್ಚು ಪ್ರಸಿದ್ಧವಾದವು ಗಾಳಿಗಿರಣಿ, ಕಾಲುವೆ, ಮರಳುದಿಬ್ಬ, ಹಳ್ಳಿಯ ದಾರಿಗಳನ್ನು ತೋರಿಸುವ ಚಿತ್ರಗಳಾದರೂ, ಅವುಗಳ ಜೊತೆಯಲ್ಲೇ ದಟ್ಟ ಅಡವಿ, ಕಡಿದಾದ ಬೆಟ್ಟ, ಜಲಪಾತ, ಪಾಳುಬಿದ್ದ ಕಟ್ಟಡ ಮತ್ತು ಇವುಗಳ ನಡುವೆ ಓಡಾಡುವ ಕಾಡುಪ್ರಾಣಿ, ದೂರದೇಶದ ಪಕ್ಷಿಗಳನ್ನು ಬರೆಯುವ ಇನ್ನೊಂದು ಕವಲು ಬೆಳೆಯಿತು. ರೂಲಂಟ್ ಸಾವೆರಿ, ಅಲಾರ್ಟ್ ವಾನ್ ಎವರ್ಡಿಂಗನ್, ಯಾಕೊಬ್ ವಾನ್ ರಾಯ್ಸ್‌ಡಾಲ್, ಒಟ್ಟೊ ಮಾರ್ಸೆಯುಸ್ ವಾನ್ ಸ್ಕ್ರೀಕ್, ಫ್ರಾನ್ಸ್ ಪೋಸ್ಟ್ ಮತ್ತು ಮೆಲ್ಕಿಯೋರ್ ಡ ಹೊಂಡೆಕೂಟರ್ ಈ ಕವಲಿನ ಮುಖ್ಯ ಕಲಾವಿದರು.

ಈ ಚಿತ್ರಗಳನ್ನು ಅರ್ಥಮಾಡಿಕೊಳ್ಳಲು ಮೊದಲು ಗಮನಿಸಬೇಕಾದದ್ದು, ಅವುಗಳನ್ನು ಬರೆದ ನಾಡಿನಲ್ಲಿ ದಟ್ಟ ಅಡವಿ ಅಷ್ಟಾಗಿ ಇರಲಿಲ್ಲವೆಂಬ ಸಂಗತಿ. ಹಾಲೆಂಡ್ ಪ್ರಾಂತದ ಬಹುಭಾಗ ಸಮುದ್ರಮಟ್ಟಕ್ಕೆ ಸಮನಾಗಿ ಅಥವಾ ಅದಕ್ಕಿಂತ ಕೆಳಗೆ ಇರುವ ಚಪ್ಪಟೆ ನೆಲ. ಸುತ್ತ ಒಡ್ಡು ಕಟ್ಟಿ, ಒಳಗಿನ ನೀರನ್ನು ಗಾಳಿಗಿರಣಿಗಳಿಂದ ಎತ್ತಿ ಹೊರಹಾಕಿ ಪಡೆದ ಇಂಥ ನೆಲವನ್ನು ಪೋಲ್ಡರ್ ಎನ್ನುತ್ತಾರೆ. 1612ರಲ್ಲಿ ಬೇಮ್‌ಸ್ಟರ್ ಎಂಬ ದೊಡ್ಡ ಸರೋವರವನ್ನೇ ಹೀಗೆ ಬತ್ತಿಸಿ, ಚೌಕಚೌಕವಾಗಿ ಅಳೆದು ಹೊಲಗಳನ್ನಾಗಿ ಹಂಚಲಾಯಿತು. ಮರ ಕಡಿದು, ಪೀಟ್ ಎಂಬ ಉರಿಯಬಲ್ಲ ಮಣ್ಣನ್ನು ಉರುವಲಿಗೆ ಅಗೆದು, ಮಿಕ್ಕದ್ದನ್ನು ಹುಲ್ಲುಗಾವಲು ಮಾಡಿಕೊಂಡಿದ್ದ ಈ ಪ್ರದೇಶದಲ್ಲಿ ಬೆಟ್ಟವನ್ನಾಗಲಿ ಜಲಪಾತವನ್ನಾಗಲಿ ನೋಡಬೇಕೆಂದರೆ ಗಡಿ ದಾಟಿಯೇ ಹೋಗಬೇಕಿತ್ತು. ಆದ್ದರಿಂದ ಡಚ್ ಚಿತ್ರಗಳ ಅಡವಿ ಬಹುಮಟ್ಟಿಗೆ ಹೊರಗಿನಿಂದ ಬಂದದ್ದು: ಫ್ಲಾಂಡರ್ಸ್‌ನ ಹಳೆಯ ಚಿತ್ರಗಳಿಂದ, ಚಕ್ರವರ್ತಿಯ ಪ್ರಾಣಿಸಂಗ್ರಹದಿಂದ, ನಾರ್ವೆಯ ಮರದ ವ್ಯಾಪಾರದ ದಾರಿಯಿಂದ, ಬ್ರೆಜಿಲಿನ ಸಕ್ಕರೆಯ ನಾಡಿನಿಂದ. ಒಂದೊಂದು ಪ್ರಾಣಿಯನ್ನೂ ಒಂದೊಂದು ಬಂಡೆಯನ್ನೂ ಕಣ್ಣಾರೆ ಕಂಡು ಬರೆದುಕೊಂಡು, ಆಮೇಲೆ ಚಿತ್ರಶಾಲೆಯಲ್ಲಿ ಕುಳಿತು ಅವೆಲ್ಲವನ್ನೂ ಎಲ್ಲಿಯೂ ಇಲ್ಲದ ಒಂದು ಕಾಡಿನೊಳಗೆ ಕೂಡಿಸುವುದು ಈ ಕಲಾವಿದರ ಕ್ರಮವಾಗಿತ್ತು. ಬಿಡಿಭಾಗಗಳ ನಿಖರತೆಯೂ ಒಟ್ಟು ದೃಶ್ಯದ ಕಲ್ಪಕತೆಯೂ ಒಂದೇ ಚಿತ್ರದಲ್ಲಿ ಹೀಗೆ ಜೊತೆಗೂಡಿರುವುದೇ ಈ ಕವಲಿನ ನಿಜವಾದ ಗುಣ.

ಇದರ ಬೇರು ದಕ್ಷಿಣದ ಫ್ಲೆಮಿಷ್ ಸಂಪ್ರದಾಯದಲ್ಲಿದೆ. 1585ರಲ್ಲಿ ಆಂಟ್‌ವರ್ಪ್ ನಗರ ಸ್ಪೇನಿನ ಸೈನ್ಯದ ವಶವಾದ ಮೇಲೆ ಪ್ರಾಟೆಸ್ಟೆಂಟ್ ಪಂಥದ ಅನೇಕ ವರ್ತಕರೂ ಕುಶಲಕರ್ಮಿಗಳೂ ಚಿತ್ರಕಾರರೂ ಊರು ಬಿಟ್ಟರು. ಅವರಲ್ಲೊಬ್ಬನಾದ ಗಿಲಿಸ್ ವಾನ್ ಕೋನಿಂಕ್ಸ್‌ಲೋ ಜರ್ಮನಿಯ ಫ್ರಾಂಕೆಂತಾಲ್‌ನಲ್ಲಿ ಕೆಲಕಾಲ ಇದ್ದು 1595ರಲ್ಲಿ ಆಂಸ್ಟರ್‌ಡ್ಯಾಮಿಗೆ ಬಂದು ನೆಲೆಸಿದ. ಬೆಟ್ಟದ ತುದಿಯಿಂದ ಇಡೀ ಸೀಮೆಯನ್ನು ನೋಡಿದಂತೆ ಬರೆಯುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ನೋಡುವವನನ್ನು ಕಾಡಿನ ಒಳಕ್ಕೇ ಕರೆದುಕೊಂಡು ಹೋಗಿ ಹಳೆಯ ಓಕ್ ಮರಗಳ ಬೊಡ್ಡೆಗಳ ನಡುವೆ ನಿಲ್ಲಿಸುವ ರೀತಿಯನ್ನು ಅವನು ರೂಢಿಗೆ ತಂದ. ಕಾರೆಲ್ ವಾನ್ ಮಾಂಡರ್ 1604ರಲ್ಲಿ ಪ್ರಕಟಿಸಿದ, ಉತ್ತರ ಯುರೋಪಿನ ಚಿತ್ರಕಾರರ ಜೀವನಗಳನ್ನು ಒಳಗೊಂಡ ದೊಡ್ಡ ಗ್ರಂಥದಲ್ಲಿ ಕೋನಿಂಕ್ಸ್‌ಲೋನನ್ನು ಭೂದೃಶ್ಯಕಾರರ ಸಾಲಿನ ಮೊದಲಿಗೆ ಇಟ್ಟು ಹೊಗಳಿದ್ದಾನೆ. ಈ ಫ್ಲೆಮಿಷ್ ಕ್ರಮದಲ್ಲಿ ಚಿತ್ರದ ಆಳವನ್ನು ಮೂರು ಬಣ್ಣದ ಪಟ್ಟಿಗಳಿಂದ ಸೂಚಿಸುತ್ತಿದ್ದರು: ಮುನ್ನೆಲೆ ಕಂದು, ನಡುಭಾಗ ಹಸಿರು, ದೂರದ ದಿಗಂತ ನೀಲಿ. ಕಣ್ಣಿಗೆ ಕಾಣುವ ಬಣ್ಣಕ್ಕಿಂತ ಇದು ಹೆಚ್ಚಾಗಿ ಒಂದು ಒಪ್ಪಂದವಾಗಿತ್ತು. ಆದರೆ ಅದರ ಹಿಡಿತ ಎಷ್ಟು ಗಟ್ಟಿಯಾಗಿತ್ತೆಂದರೆ, ಅರ್ಧ ಶತಮಾನ ಕಳೆದ ಮೇಲೆ ಬ್ರೆಜಿಲಿನ ನೆಲವನ್ನು ಕಣ್ಣಾರೆ ಕಂಡು ಬಂದ ಫ್ರಾನ್ಸ್ ಪೋಸ್ಟ್ ಕೂಡ ಅದಕ್ಕೆ ಮರಳಿದ.

ಈ ಕವಲಿನ ಮೊದಲ ದೊಡ್ಡ ಹೆಸರು ರೂಲಂಟ್ ಸಾವೆರಿಯದು (1576–1639). ಫ್ಲಾಂಡರ್ಸ್‌ನ ಕೋರ್ಟ್ರೈಕ್‌ನಲ್ಲಿ ಹುಟ್ಟಿದ ಅವನ ಕುಟುಂಬವೂ ಧರ್ಮದ ಕಾರಣಕ್ಕೆ ಉತ್ತರಕ್ಕೆ ವಲಸೆ ಬಂದದ್ದು. ಅಣ್ಣ ಯಾಕೊಬ್ ಸಾವೆರಿಯೇ ಅವನ ಗುರು. 1603ರಲ್ಲಿ ಅಣ್ಣ ಪ್ಲೇಗಿನಿಂದ ತೀರಿಕೊಂಡ ಮೇಲೆ ರೂಲಂಟ್ ಪ್ರಾಗ್ ನಗರಕ್ಕೆ ಹೋಗಿ ಪವಿತ್ರ ರೋಮನ್ ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನ ಸೇರಿದ. ರುಡಾಲ್ಫ್ ರಾಜಕಾರಣಕ್ಕಿಂತ ಅಪೂರ್ವ ವಸ್ತುಗಳ ಸಂಗ್ರಹದಲ್ಲಿ ಹೆಚ್ಚು ಮುಳುಗಿದ್ದ ದೊರೆ. ಅವನ ಕೋಟೆಯಲ್ಲಿ ಸಿಂಹಗಳಿಗೆಂದೇ ಕಟ್ಟಿಸಿದ ಅಂಗಳವಿತ್ತು, ಕೋಟೆಯ ಕಂದಕದಲ್ಲಿ ಜಿಂಕೆಗಳಿದ್ದವು, ಡಚ್ ಹಡಗಿನಲ್ಲಿ ಜಾವಾದಿಂದ 1597ರಲ್ಲಿ ಯುರೋಪಿಗೆ ಬಂದಿಳಿದ ಮೊದಲ ಕಾಸೊವರಿ ಪಕ್ಷಿ ಕೈಯಿಂದ ಕೈಗೆ ಸಾಗಿ ಕಡೆಗೆ ಅವನ ಬಳಿಗೇ ಸೇರಿತ್ತು. ಸಾವೆರಿಯ ಪಾಲಿಗೆ ಇದು ಬರೆದಷ್ಟೂ ಮುಗಿಯದ ಭಂಡಾರ. ಬೆಟ್ಟ ಮತ್ತು ಜಲಪಾತಗಳ ಚಿತ್ರ ಬರೆದು ತರಲು ಚಕ್ರವರ್ತಿ ಅವನನ್ನು ಆಲ್ಪ್ಸ್ ಪರ್ವತಗಳ ಟಿರೋಲ್ ಸೀಮೆಗೂ ಕಳುಹಿಸಿದ. ಅಲ್ಲಿ ಅವನು ಸೀಮೆಸುಣ್ಣದಿಂದ ಬರೆದ ಕಣಿವೆಗಳು, ಉರುಳಿಬಿದ್ದ ಫರ್ ಮರಗಳು, ಬಂಡೆಗಳ ನಡುವೆ ಬಿಳಿಯಾಗಿ ನುಗ್ಗುವ ನೀರು ಮುಂದೆ ಮೂವತ್ತು ವರ್ಷ ಅವನ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಪ್ರಾಗ್‌ನ ಬೀದಿಗಳಲ್ಲಿ ಕಂಡ ರೈತರನ್ನೂ ಭಿಕ್ಷುಕರನ್ನೂ ಬರೆದ ಹಾಳೆಗಳ ಮೇಲೆ ಅವನು ‘ಜೀವಂತವಾಗಿ ಕಂಡಂತೆ’ ಎಂಬ ಅರ್ಥದ ಡಚ್ ಮಾತುಗಳನ್ನು ಬರೆದು, ಬಟ್ಟೆಯ ಒಂದೊಂದು ಭಾಗದ ಬಣ್ಣವನ್ನೂ ಗುರುತು ಹಾಕಿಕೊಂಡಿದ್ದ. ಈ ರೇಖಾಚಿತ್ರಗಳು ಬಹುಕಾಲ ಹಿಂದಿನ ಶತಮಾನದ ಫ್ಲೆಮಿಷ್ ಕಲಾವಿದ ಹಿರಿಯ ಪೀಟರ್ ಬ್ರೂಗಲ್‌ನವೆಂದು ತಿಳಿಯಲಾಗಿದ್ದು, 1970ರ ಹೊತ್ತಿಗೆ ಅಕ್ಷರ ಮತ್ತು ಕಾಗದಗಳ ಪರಿಶೀಲನೆಯಿಂದ ಸಾವೆರಿಯವೆಂದು ಖಚಿತವಾದವು. ಪ್ರಾಣಿಗಳ ವಿಷಯದಲ್ಲೂ ಅವನ ಅಭ್ಯಾಸ ಇದೇ ಆಗಿತ್ತು. ಒಮ್ಮೆ ಸರಿಯಾಗಿ ಬರೆದುಕೊಂಡ ಸಿಂಹವೋ ಒಂಟೆಯೋ ಹಲವು ಚಿತ್ರಗಳಲ್ಲಿ ಅದೇ ಭಂಗಿಯಲ್ಲಿ ಮರಳಿ ಬರುತ್ತದೆ.

ರುಡಾಲ್ಫ್ 1612ರಲ್ಲಿ ತೀರಿಕೊಂಡ. ಆಮೇಲೆ ಕೆಲವು ವರ್ಷಗಳಲ್ಲಿ ಸಾವೆರಿ ಡಚ್ ನಾಡಿಗೆ ಮರಳಿ, 1619ರಲ್ಲಿ ಉಟ್ರೆಕ್ಟ್ ನಗರದ ಸಂತ ಲ್ಯೂಕನ ಸಂಘಕ್ಕೆ, ಎಂದರೆ ಚಿತ್ರಕಾರರ ವೃತ್ತಿಸಂಘಕ್ಕೆ, ಸದಸ್ಯನಾದ. ಅವನ ಪ್ರಸಿದ್ಧ ಪ್ರಾಣಿಚಿತ್ರಗಳಲ್ಲಿ ಹಲವು ಈ ಅವಧಿಯವು. ಅವುಗಳಿಗೆ ಅವನು ಸಾಮಾನ್ಯವಾಗಿ ಮೂರು ಕಥೆಗಳ ನೆಪ ಹಿಡಿಯುತ್ತಾನೆ: ಏದೆನ್ ತೋಟ, ನೋಹನ ನಾವೆ, ಮತ್ತು ತನ್ನ ವಾದ್ಯದಿಂದ ಮೃಗಗಳನ್ನೂ ಮರಗಳನ್ನೂ ಮಣಿಸಿದ ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್. ಮೂರರಲ್ಲೂ ಹುಲ್ಲೆಯೂ ಸಿಂಹವೂ ಅಕ್ಕಪಕ್ಕದಲ್ಲಿ ಕೂರಲು ಅವಕಾಶವಿದೆ. ಕಾಡಿನಲ್ಲಿ ಎಂದೂ ಒಂದೆಡೆ ಸೇರದ ಜೀವಿಗಳನ್ನು ಒಂದೇ ಹಲಗೆಯ ಮೇಲೆ ತರಬೇಕಾದವನಿಗೆ ಇದಕ್ಕಿಂತ ಅನುಕೂಲದ ಕಥೆ ಸಿಗದು. ಆರ್ಫಿಯಸ್ ಅನೇಕ ಸಲ ಮರಗಳ ನಡುವೆ ಎಲ್ಲೋ ಹಿಂದೆ ಪುಟ್ಟದಾಗಿ ಕುಳಿತಿರುತ್ತಾನೆ, ಮುನ್ನೆಲೆಯನ್ನೆಲ್ಲ ದನ, ಕುದುರೆ, ಆನೆ, ಕೊಕ್ಕರೆ, ಉಷ್ಟ್ರಪಕ್ಷಿಗಳು ತುಂಬಿಕೊಂಡಿರುತ್ತವೆ. ಇಲ್ಲಿ ಸಂಗೀತಕ್ಕೆ ಕಿವಿಗೊಟ್ಟಿರುವುದಕ್ಕಿಂತ ಹೆಚ್ಚಾಗಿ ಪ್ರಾಣಿಗಳು ತಮ್ಮ ತಮ್ಮ ಕೆಲಸದಲ್ಲಿ ತೊಡಗಿರುವುದು ಕಾಣುತ್ತದೆ: ಒಂದು ಕೊಕ್ಕಿನಿಂದ ಮೈ ಕೆದರಿಕೊಳ್ಳುತ್ತಿದೆ, ಇನ್ನೊಂದು ನೀರು ಕುಡಿಯುತ್ತಿದೆ, ಮತ್ತೊಂದು ಬೆನ್ನು ತಿರುಗಿಸಿ ನಿಂತಿದೆ.

ಸಾವೆರಿಯ ಹೆಸರು ಚಿತ್ರಕಲೆಯ ಹೊರಗೂ ಉಳಿದಿರುವುದು ಡೋಡೋ ಪಕ್ಷಿಯಿಂದಾಗಿ. ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಮಾತ್ರ ಇದ್ದ, ಹಾರಲಾರದ ಈ ದೊಡ್ಡ ಪಕ್ಷಿಯನ್ನು 1598ರಲ್ಲಿ ಅಲ್ಲಿಗೆ ಬಂದಿಳಿದ ಡಚ್ ನಾವಿಕರು ವರ್ಣಿಸಿದರು. ಹಡಗುಗಳ ಜೊತೆ ಬಂದ ಇಲಿ, ಹಂದಿ, ಮಂಗಗಳ ಕಾಟಕ್ಕೂ ಬೇಟೆಗೂ ಸಿಕ್ಕಿ ಅದೇ ಶತಮಾನ ಮುಗಿಯುವುದರೊಳಗೆ ಅದು ನಿರ್ನಾಮವಾಯಿತು. ರುಡಾಲ್ಫನ ಸಂಗ್ರಹದ ಪಟ್ಟಿಯಲ್ಲಿ ಡೋಡೋ ಸೇರಿತ್ತು, ಸಾವೆರಿ ಅದನ್ನು ಹತ್ತಾರು ಬಗೆಯ ಪಕ್ಷಿಗಳ ನಡುವೆ ಹಲವು ಸಲ ಬರೆದ. ವಿಯೆನ್ನಾದ ಕಲಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿರುವ 1628ರ ‘ಪಕ್ಷಿಗಳಿರುವ ಭೂದೃಶ್ಯ’ದಲ್ಲಿ ಪಾಳುಗೋಡೆ, ನೀರು, ಆಕಾಶಗಳ ತುಂಬ ಹಕ್ಕಿಗಳು ಕಿಕ್ಕಿರಿದಿದ್ದು, ಡೋಡೋ ಕೆಳಮೂಲೆಯಲ್ಲಿ ನಿಂತಿದೆ. 1626ರ ಸುಮಾರಿನದೆನ್ನುವ, ಲಂಡನ್ನಿನ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿರುವ ಮತ್ತೊಂದು ಚಿತ್ರದಲ್ಲಿ ಮಾತ್ರ ಅದೇ ನಡುವಿನಲ್ಲಿ ದೊಡ್ಡದಾಗಿ, ಕೊಬ್ಬಿದ ಮೈ, ಕೊಂಕಿದ ಕೊಕ್ಕುಗಳೊಂದಿಗೆ ಕಾಣುತ್ತದೆ. ಪಕ್ಷಿತಜ್ಞ ಜಾರ್ಜ್ ಎಡ್ವರ್ಡ್ಸ್ 1759ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ ಈ ಚಿತ್ರದ ಪ್ರಭಾವ ವಿಜ್ಞಾನದ ಮೇಲೂ ಆಯಿತು. 1866ರಲ್ಲಿ ಅಂಗರಚನಾ ವಿಜ್ಞಾನಿ ರಿಚರ್ಡ್ ಓವೆನ್ ಮಾರಿಷಸ್‌ನಲ್ಲಿ ಸಿಕ್ಕ ಡೋಡೋ ಮೂಳೆಗಳನ್ನು ಜೋಡಿಸುವಾಗ ಸಾವೆರಿಯ ಹಕ್ಕಿಯ ಹೊರರೇಖೆಯೊಳಗೆ ಅವನ್ನು ಕೂರಿಸಿದ. ಇದರಿಂದ ಅಸ್ಥಿಪಂಜರ ಅತಿಯಾಗಿ ಕುಗ್ಗಿ ಕುಳಿತಂತಾಯಿತು, 1872ರಲ್ಲಿ ಓವೆನ್ನನೇ ಅದನ್ನು ತಿದ್ದಿ ನೆಟ್ಟಗೆ ನಿಲ್ಲಿಸಿದ. ಸಾವೆರಿಯ ಸಮಕಾಲೀನನಾಗಿ ಭಾರತದಲ್ಲಿ ಜಹಾಂಗೀರನ ಆಸ್ಥಾನದಲ್ಲಿದ್ದ ಉಸ್ತಾದ್ ಮನ್ಸೂರ್‌ನದೆಂದು ಹೇಳಲಾಗುವ, ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ಚಿತ್ರವೊಂದರಲ್ಲೂ ಡೋಡೋ ಇದೆ. ಅಲ್ಲಿ ಅದರ ಮೈ ಅಷ್ಟು ಊದಿಲ್ಲ, ನಿಲುವು ಹೆಚ್ಚು ಸಹಜವಾಗಿದೆ. ಅದೇ ಕಾಲದಲ್ಲಿ ಸೂರತ್ತಿನಲ್ಲಿ ಜೀವಂತ ಡೋಡೋಗಳನ್ನು ಕಂಡದ್ದಾಗಿ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಬರೆದಿಟ್ಟಿದ್ದಾನೆ. ಅಳಿದ ಪಕ್ಷಿಯೊಂದರ ರೂಪವನ್ನು ತಿಳಿಯಲು ಇಂದು ವಿದ್ವಾಂಸರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ.

ಹಡಗುಗಳಲ್ಲಿ ಬಂದ ಪ್ರಾಣಿಗಳು ದೊರೆಗಳ ಅಂಗಳದಲ್ಲಷ್ಟೇ ಉಳಿಯಲಿಲ್ಲ. ಸಿಂಹಳದಲ್ಲಿ ಹುಟ್ಟಿ 1633ರಲ್ಲಿ ಆಂಸ್ಟರ್‌ಡ್ಯಾಮಿಗೆ ಬಂದ ಹಾನ್ಸ್‌ಕೆನ್ ಎಂಬ ಹೆಣ್ಣಾನೆಯನ್ನು ಊರೂರು ಸುತ್ತಿಸಿ ಕಾಸು ಪಡೆದು ತೋರಿಸುತ್ತಿದ್ದರು. 1637ರಲ್ಲಿ ರೆಂಬ್ರಾಂಟ್ ಅದನ್ನು ಕಪ್ಪು ಸೀಮೆಸುಣ್ಣದಲ್ಲಿ ಬರೆದ. ಸೊಂಡಿಲಿನ ಸುಕ್ಕು, ಜೋತಾಡುವ ಚರ್ಮ, ಭಾರ ಹೊತ್ತ ಕಾಲುಗಳ ಮಡಿಕೆ ಆ ಹಾಳೆಗಳಲ್ಲಿ ಕೈಗೆ ತಾಗುವಷ್ಟು ಹತ್ತಿರವಿವೆ. ಮರುವರ್ಷ ಅವನು ಮಾಡಿದ ‘ಆದಾಮ ಮತ್ತು ಈವ್’ ಎಚ್ಚಿಂಗಿನಲ್ಲಿ ಸ್ವರ್ಗದ ತೋಟದ ದೂರದಲ್ಲಿ ಪುಟ್ಟ ಆನೆಯೊಂದು ಬಿಸಿಲಿನಲ್ಲಿ ಹಾದುಹೋಗುತ್ತಿದೆ. (ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಗೀರಿದ ಜಾಗವನ್ನು ಆಮ್ಲದಿಂದ ಕೊರೆಸಿ, ಆ ಗೆರೆಗಳಲ್ಲಿ ಮಸಿ ತುಂಬಿ ಕಾಗದದ ಮೇಲೆ ಒತ್ತುವ ವಿಧಾನಕ್ಕೆ ಎಚ್ಚಿಂಗ್ ಎನ್ನುತ್ತಾರೆ.) ಹಾನ್ಸ್‌ಕೆನ್ 1655ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಸತ್ತಿತು, ಅದರ ಅಸ್ಥಿಪಂಜರ ಇಂದಿಗೂ ಆ ನಗರದ ಸಂಗ್ರಹಾಲಯದಲ್ಲಿದೆ. ರೆಂಬ್ರಾಂಟ್ ಮೆಚ್ಚಿ ಎಂಟು ಚಿತ್ರಗಳನ್ನು ಇಟ್ಟುಕೊಂಡಿದ್ದ ಹೆರ್ಕ್ಯುಲಿಸ್ ಸೆಗರ್ಸ್, ಕೋನಿಂಕ್ಸ್‌ಲೋನ ಶಿಷ್ಯ, ಪ್ರಾಣಿಗಳನ್ನು ಹೆಚ್ಚಾಗಿ ಬರೆದವನಲ್ಲ. ಆದರೆ ಬಣ್ಣದ ಕಾಗದ ಮತ್ತು ಬಟ್ಟೆಯ ಮೇಲೆ ಅವನು ಒತ್ತಿದ ಬಂಡೆಗಾಡಿನ ಎಚ್ಚಿಂಗುಗಳಷ್ಟು ನಿರ್ಜನವಾದ ದೃಶ್ಯಗಳು ಆ ಶತಮಾನದಲ್ಲಿ ಬೇರೆಯವರಿಂದ ಬರಲಿಲ್ಲ.

1640ರ ದಶಕದ ಹೊತ್ತಿಗೆ ಯಾನ್ ವಾನ್ ಹೊಯೆನ್ ಮೊದಲಾದವರು ಸ್ವಂತ ನಾಡಿನ ಮರಳುದಿಬ್ಬ ಮತ್ತು ನದಿಗಳನ್ನು ಬೂದು-ಕಂದು ಬಣ್ಣಗಳಲ್ಲಿ ಬರೆಯುವ ಸರಳ ಶೈಲಿಯನ್ನು ಜನಪ್ರಿಯಗೊಳಿಸಿದ್ದರು. ಅದರ ಜೊತೆಗೆ ಪ್ರಾಣಿಚಿತ್ರವೂ ಹುಲ್ಲುಗಾವಲಿಗೆ ಇಳಿಯಿತು. ಪೌಲಸ್ ಪಾಟರ್ (1625–1654) 1647ರಲ್ಲಿ ಬರೆದ ‘ಎಳೆಯ ಹೋರಿ’ ಸುಮಾರು 236 ಸೆಂಟಿಮೀಟರ್ ಎತ್ತರ, 339 ಸೆಂಟಿಮೀಟರ್ ಅಗಲದ ಕ್ಯಾನ್ವಾಸು. ಯುದ್ಧ ಮತ್ತು ಧರ್ಮದ ಮಹಾಪ್ರಸಂಗಗಳಿಗೆ ಮೀಸಲಾಗಿದ್ದ ಅಳತೆಯನ್ನು ಒಂದು ಹೋರಿಗೆ ಕೊಟ್ಟದ್ದೇ ಆ ಚಿತ್ರದ ಸಾಹಸ. ಮೊದಲು ಹೋರಿಯೊಂದನ್ನೇ ಬರೆಯಲು ಹೊರಟ ಪಾಟರ್ ಆಮೇಲೆ ಬದಿಗಳಿಗೂ ಮೇಲಕ್ಕೂ ಬಟ್ಟೆಯ ಪಟ್ಟಿಗಳನ್ನು ಹೊಲಿದು ಮರ, ದನಗಾಹಿ, ಆಕಳು, ಕುರಿಗಳಿಗೆ ಜಾಗ ಮಾಡಿದ. ಹೋರಿಯ ಮೈಮೇಲೆ ಕುಳಿತ ನೊಣಗಳು, ಹುಲ್ಲಿನಲ್ಲಿ ಕುಳಿತ ಕಪ್ಪೆ, ಮೇಲೆ ಹಾರುವ ಬಾನಾಡಿ ಇವೆಲ್ಲ ಹತ್ತಿರ ಹೋದವರಿಗೆ ಮಾತ್ರ ಕಾಣಿಸುತ್ತವೆ. ಆದರೆ ಹೋರಿಯ ದೇಹ ಬೇರೆ ಬೇರೆ ವಯಸ್ಸಿನ ದನಗಳ ಅಂಗಗಳನ್ನು ಜೋಡಿಸಿದ್ದೆಂದು ಪರಿಶೀಲನೆಯಿಂದ ತಿಳಿದುಬಂದಿದೆ. ಸಾಕುಪ್ರಾಣಿಯ ವಿಷಯದಲ್ಲೂ ಡಚ್ ಕಲಾವಿದ ಬಿಡಿಯಾಗಿ ನೋಡಿ, ಕೂಡಿಸಿಯೇ ಕಟ್ಟುತ್ತಿದ್ದನೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. 1795ರಲ್ಲಿ ಫ್ರೆಂಚ್ ಸೈನ್ಯ ಪ್ಯಾರಿಸ್ಸಿಗೆ ಒಯ್ದ ಈ ಚಿತ್ರ 1815ರಲ್ಲಿ ಮರಳಿ ಬಂದು ಈಗ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ.

ಪಾಟರ್ ಕಾಡುಪ್ರಾಣಿಗಳ ಪರವಾಗಿಯೂ ಒಂದು ಅಸಾಮಾನ್ಯ ಚಿತ್ರ ಬರೆದಿದ್ದಾನೆ. ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ ‘ಬೇಟೆಗಾರನಿಗೆ ಶಿಕ್ಷೆ’ ಹದಿನಾಲ್ಕು ಅಂಕಣಗಳ ಒಂದು ಫಲಕ. ಅಂಚಿನ ಅಂಕಣಗಳಲ್ಲಿ ಮೊಲ, ತೋಳ, ಕರಡಿ, ಸಿಂಹ, ಮಂಗ ಮೊದಲಾದವುಗಳನ್ನು ಬೇಟೆಯಾಡುವ ವಿಧಾನಗಳಿದ್ದರೆ, ನಡುವಿನ ಎರಡು ದೊಡ್ಡ ಅಂಕಣಗಳಲ್ಲಿ ಪ್ರಾಣಿಗಳೆಲ್ಲ ಸಭೆ ಸೇರಿ, ಸಿಂಹದ ಮುಂದೆ ಬೇಟೆಗಾರನ ವಿಚಾರಣೆ ನಡೆಸಿ, ಅವನನ್ನು ಬೆಂಕಿಯ ಮೇಲೆ ಸುಡುತ್ತವೆ. ಅವನ ನಾಯಿಗಳನ್ನು ಮರಕ್ಕೆ ನೇತುಹಾಕುತ್ತವೆ. ಅದೇ ಸುಮಾರಿನಲ್ಲಿ, 1650ರ ಹೊತ್ತಿಗೆ, ಯಾನ್ ಆಸೆಲೈನ್ ಬರೆದ ‘ಬೆದರಿದ ಹಂಸ’ ಇದಕ್ಕೆ ಜೊತೆಯಾಗಿ ನೋಡಬೇಕಾದ ಕೃತಿ. ನೀರಿನಲ್ಲಿ ಈಜಿಬರುವ ನಾಯಿಯಿಂದ ಗೂಡಿನ ಮೊಟ್ಟೆಗಳನ್ನು ಕಾಯಲು ಹಂಸ ರೆಕ್ಕೆ ಬಿಚ್ಚಿ, ಕತ್ತು ಚಾಚಿ ನಿಂತಿದೆ. ಕಿತ್ತುಬಂದ ಗರಿಗಳು ಗಾಳಿಯಲ್ಲಿವೆ. ಕಲಾವಿದ ಸತ್ತ ಮೇಲೆ ಯಾರೋ ಹಂಸದ ಮೇಲೆ ಗಣರಾಜ್ಯದ ಮುಖ್ಯ ಅಧಿಕಾರಿಯ ಪದವಿಯ ಹೆಸರನ್ನೂ, ಮೊಟ್ಟೆಯ ಮೇಲೆ ‘ಹಾಲೆಂಡ್’ ಎಂದೂ, ನಾಯಿಯ ಮೇಲೆ ‘ರಾಜ್ಯದ ಶತ್ರು’ ಎಂದೂ ಬರೆದು ಅದನ್ನು ರಾಜಕೀಯ ರೂಪಕ ಮಾಡಿದರು. 1800ರಲ್ಲಿ ರಾಷ್ಟ್ರೀಯ ಚಿತ್ರಸಂಗ್ರಹಕ್ಕಾಗಿ ಕೊಂಡ ಮೊದಲ ಚಿತ್ರ ಇದೇ; ಆ ಸಂಗ್ರಹವೇ ಮುಂದೆ ಆಂಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಆಯಿತು. ಬರಹಗಳನ್ನು ಮರೆತು ನೋಡಿದರೆ, ಕೆಳಗಿನಿಂದ ಕಂಡಂತೆ ಬರೆದ ಆ ಹಕ್ಕಿಯ ರೋಷ ಯಾವ ರೂಪಕದ ಆಸರೆಯೂ ಇಲ್ಲದೆ ನಿಲ್ಲಬಲ್ಲದು.

ಬೆಟ್ಟ ಮತ್ತು ಜಲಪಾತಗಳು ಡಚ್ ಮನೆಗಳ ಗೋಡೆಗೆ ಎರಡನೆಯ ಸಲ ಬಂದದ್ದು ಉತ್ತರದಿಂದ. ಆಲ್ಕ್‌ಮಾರ್‌ನ ಅಲಾರ್ಟ್ ವಾನ್ ಎವರ್ಡಿಂಗನ್ (1621–1675) 1644ರಲ್ಲಿ ನಾರ್ವೆ ಮತ್ತು ಸ್ವೀಡನ್ನಿನ ಕರಾವಳಿಗಳಲ್ಲಿ ಸಂಚರಿಸಿ, ಮರದ ದಿಮ್ಮಿಯ ಗುಡಿಸಲು, ಫರ್ ಮರಗಳ ಕಾಡು, ಬಂಡೆಯಿಂದ ಬಂಡೆಗೆ ಧುಮುಕುವ ಹೊಳೆಗಳನ್ನು ಬರೆದುಕೊಂಡು ಬಂದ. ಆ ನಾಡುಗಳು ಡಚ್ಚರಿಗೆ ಅಪರಿಚಿತವಾಗಿರಲಿಲ್ಲ: ಹಡಗುಗಳಿಗೂ, ಕೆಸರುನೆಲದಲ್ಲಿ ಕಟ್ಟಡಗಳ ಅಡಿಗೆ ಹೂಳುವ ಕಂಬಗಳಿಗೂ ಬೇಕಾದ ಮರ ಅಲ್ಲಿಂದಲೇ ಬರುತ್ತಿತ್ತು. ಸ್ವೀಡನ್ನಿನಲ್ಲಿ ಕಬ್ಬಿಣ ಮತ್ತು ಫಿರಂಗಿಯ ವ್ಯವಹಾರ ನಡೆಸುತ್ತಿದ್ದ ಆಂಸ್ಟರ್‌ಡ್ಯಾಮಿನ ಟ್ರಿಪ್ ಮನೆತನಕ್ಕೆ ಎವರ್ಡಿಂಗನ್ ಯುಲಿಟಾಬ್ರೂಕ್‌ನ ಫಿರಂಗಿ ಎರಕದ ಕಾರ್ಖಾನೆಯ ಚಿತ್ರವನ್ನೇ ಬರೆದುಕೊಟ್ಟ. ಅಡವಿಯ ನಡುವೆ ಹೊಗೆಯಾಡುವ ಆ ಕಾರ್ಖಾನೆ, ಈ ಕಾಡುಗಳು ಯಾರ ಹಣಕ್ಕೆ ಹೇಗೆ ಸಂಬಂಧಪಟ್ಟಿದ್ದವು ಎಂಬುದನ್ನು ಮುಚ್ಚಿಡುವುದಿಲ್ಲ. ನರಿ ರೆಯ್ನಾರ್ಡನ ಪ್ರಾಣಿಕಥೆಗೆ ಅವನು ಮಾಡಿದ 57 ಎಚ್ಚಿಂಗುಗಳೂ ಪ್ರಸಿದ್ಧವಾಗಿವೆ.

ಹಾರ್ಲೆಮ್‌ನ ಯಾಕೊಬ್ ವಾನ್ ರಾಯ್ಸ್‌ಡಾಲ್ (ಮರಣ 1682) ನಾರ್ವೆಗೆ ಹೋದವನಲ್ಲ. ಎವರ್ಡಿಂಗನ್ನನ ಚಿತ್ರಗಳನ್ನು ನೋಡಿಯೇ ಅವನು ಜಲಪಾತಗಳನ್ನು ಬರೆದ, ಮತ್ತು ಅವನ್ನು ಮೂಲಕ್ಕಿಂತ ಗಂಭೀರಗೊಳಿಸಿದ. 1650ರ ಸುಮಾರಿಗೆ ಜರ್ಮನಿಯ ಗಡಿಯ ಬೆಂಟ್‌ಹೈಮ್‌ಗೆ ಹೋಗಿ ಅಲ್ಲಿನ ಕೋಟೆಯನ್ನು ಕಂಡು ಬಂದು, ಮುಂದೆ ಅದನ್ನು ಹಲವು ಸಲ ಬರೆದ. ಡಬ್ಲಿನ್‌ನಲ್ಲಿರುವ 1653ರ ಚಿತ್ರದಲ್ಲಿ ಆ ಕೋಟೆ ಮರ ತುಂಬಿದ ಎತ್ತರದ ಬೆಟ್ಟದ ನೆತ್ತಿಯ ಮೇಲಿದೆ. ನಿಜದಲ್ಲಿ ಅದು ಇರುವುದು ತಗ್ಗಾದ ದಿನ್ನೆಯ ಮೇಲೆ. ಮುನ್ನೆಲೆಯ ಒಂದೊಂದು ಎಲೆಯನ್ನೂ ಜಾತಿ ಗುರುತಿಸುವಷ್ಟು ನಿಖರವಾಗಿ ಬರೆದ ಅದೇ ಕೈ ಹಿಂದಿನ ಬೆಟ್ಟವನ್ನು ಇಷ್ಟ ಬಂದಷ್ಟು ಎತ್ತಿತು. ಅವನ ಕಾಡುಗಳಲ್ಲಿ ಸಣ್ಣದಾಗಿ ಕಾಣುವ ಜನ ಮತ್ತು ದನಗಳನ್ನು ಎಷ್ಟೋ ಸಲ ಆದ್ರಿಯಾನ್ ವಾನ್ ಡ ವೆಲ್ಡೆಯಂಥ ಬೇರೆ ಕಲಾವಿದರು ಬರೆದುಕೊಡುತ್ತಿದ್ದರು. ಬಿರುಸಿನ ಮಾರುಕಟ್ಟೆಗೆ ಚಿತ್ರ ಒದಗಿಸುವಾಗ ಇಂಥ ಕೆಲಸದ ಹಂಚಿಕೆ ಸಾಮಾನ್ಯವಾಗಿತ್ತು.

ಅಡವಿಯನ್ನು ಬೆಟ್ಟದ ಅಳತೆಯಿಂದ ಗೇಣಿನ ಅಳತೆಗೆ ಇಳಿಸಿದವನು ಒಟ್ಟೊ ಮಾರ್ಸೆಯುಸ್ ವಾನ್ ಸ್ಕ್ರೀಕ್ (ಮರಣ 1678). ಮರದ ಬುಡದ ಕತ್ತಲೆಯಲ್ಲಿ ಬೆಳೆಯುವ ಅಣಬೆ, ಮುಳ್ಳುಗಿಡ, ಪಾಚಿ, ಅವುಗಳ ನಡುವೆ ಹರಿದಾಡುವ ಹಾವು, ಓತಿ, ಕಪ್ಪೆ, ಬಸವನಹುಳು, ಮೇಲೆ ಕೂರುವ ಚಿಟ್ಟೆ, ಇಷ್ಟೇ ಅವನ ವಸ್ತು. ರೋಮ್‌ನಲ್ಲಿದ್ದಾಗ ಜೊತೆಯ ಕಲಾವಿದರು ಅವನಿಗೆ ಮೂಸಿ ನೋಡುವವ ಎಂಬ ಅರ್ಥದ ಅಡ್ಡಹೆಸರು ಇಟ್ಟಿದ್ದರು, ಏಕೆಂದರೆ ಅವನು ಪೊದೆಗಳಡಿಯಲ್ಲಿ ಜೀವಿಗಳನ್ನು ಹುಡುಕುತ್ತ ತಿರುಗುತ್ತಿದ್ದ. ಮರಳಿ ಬಂದ ಮೇಲೆ ಆಂಸ್ಟರ್‌ಡ್ಯಾಮಿನ ಬಳಿಯ ತನ್ನ ಜಾಗದಲ್ಲಿ ಹಾವುಗಳನ್ನೂ ಇತರ ಜೀವಿಗಳನ್ನೂ ಸಾಕಿಕೊಂಡು ಅವುಗಳನ್ನು ನೋಡಿ ಬರೆಯುತ್ತಿದ್ದ. ಅವನ ಕೆಲವು ಚಿತ್ರಗಳಲ್ಲಿ ನಿಜವಾದ ಚಿಟ್ಟೆಯ ರೆಕ್ಕೆಯನ್ನು ಹಸಿ ಬಣ್ಣದ ಮೇಲೆ ಒತ್ತಿ, ರೆಕ್ಕೆಯ ಪುಡಿಯಂಥ ಹುರುಪೆಗಳು ಅಲ್ಲೇ ಅಂಟಿಕೊಳ್ಳುವಂತೆ ಮಾಡಿರುವುದು ಕಂಡುಬಂದಿದೆ.

ಶತಮಾನದ ಕೊನೆಗೆ ಉಟ್ರೆಕ್ಟ್‌ನ ಮೆಲ್ಕಿಯೋರ್ ಡ ಹೊಂಡೆಕೂಟರ್ (1636–1695) ಪಕ್ಷಿಗಳನ್ನು ಉದ್ಯಾನಕ್ಕೆ ತಂದ. ‘ತೇಲುವ ಗರಿ’ ಎಂದು ಹೆಸರಾದ ಅವನ ಚಿತ್ರದಲ್ಲಿ ಪೆಲಿಕನ್ ಮತ್ತು ಬಗೆಬಗೆಯ ನೀರುಹಕ್ಕಿಗಳ ಮುಂದೆ ಕೊಳದ ಮೇಲೆ ಒಂದೇ ಒಂದು ಗರಿ ತೇಲುತ್ತಿದೆ. ಡಚ್ ಆಡಳಿತಾಧಿಪತಿ ಮೂರನೆಯ ವಿಲಿಯಂನ ಅರಮನೆಗಳಿಗೂ ಸಿರಿವಂತ ವರ್ತಕರ ತೋಟದ ಮನೆಗಳಿಗೂ ಅವನು ಇಂಥ ಚಿತ್ರಗಳನ್ನು ಒದಗಿಸಿದ. ಇವು ಸೊಗಸಾದ ಕೃತಿಗಳೇ, ಆದರೆ ಅಡವಿ ಇಲ್ಲಿ ಹಿಂದೆ ಸರಿದು, ಅದರ ಜೀವಿಗಳು ಮಾತ್ರ ಯಜಮಾನನ ಆಸ್ತಿಯಾಗಿ ಉಳಿದಿವೆ.

ಇನ್ನು ಶತಮಾನದ ನಡುಭಾಗಕ್ಕೆ ಮರಳಿದರೆ, ಯುರೋಪಿನ ಹೊರಗಿನ ಅಡವಿಯನ್ನು ಅಲ್ಲಿಯೇ ನಿಂತು ಬರೆದವನು ಫ್ರಾನ್ಸ್ ಪೋಸ್ಟ್ (1612–1680). ಡಚ್ ವೆಸ್ಟ್ ಇಂಡಿಯಾ ಕಂಪನಿ 1630ರಿಂದ 1654ರವರೆಗೆ ಬ್ರೆಜಿಲಿನ ಈಶಾನ್ಯ ಕರಾವಳಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡು ಆಳಿತು, ಕಾರಣ ಸಕ್ಕರೆ. 1637ರಲ್ಲಿ ಅಲ್ಲಿಗೆ ರಾಜ್ಯಪಾಲನಾಗಿ ಹೋದ ನಸ್ಸೌ-ಸೀಗನ್ನಿನ ಯೊಹಾನ್ ಮೌರಿಟ್ಸ್ ತನ್ನ ಜೊತೆಗೆ ಹಾರ್ಲೆಮ್‌ನ ಪೋಸ್ಟ್‌ನನ್ನೂ, ಜನ ಮತ್ತು ಹಣ್ಣುಹಂಪಲುಗಳ ಚಿತ್ರ ಬರೆದ ಆಲ್ಬರ್ಟ್ ಎಕ್‌ಹೌಟ್‌ನನ್ನೂ ಕರೆದೊಯ್ದ. ವೈದ್ಯ ವಿಲ್ಲೆಮ್ ಪೀಸೊ ಮತ್ತು ನಿಸರ್ಗ ವಿಜ್ಞಾನಿ ಗಿಯೋರ್ಗ್ ಮಾರ್ಕ್‌ಗ್ರಾಫ್ ಕೂಡ ಅವನ ಆಶ್ರಯದಲ್ಲಿದ್ದರು. ಬ್ರೆಜಿಲಿನ ಗಿಡ-ಪ್ರಾಣಿಗಳನ್ನು ಕುರಿತು ಇವರಿಬ್ಬರ ಬರಹಗಳು 1648ರಲ್ಲಿ ಗ್ರಂಥರೂಪದಲ್ಲಿ ಬಂದವು. ರೆಸೀಫೆಯಲ್ಲಿ ಮೌರಿಟ್ಸ್ ಕಟ್ಟಿಸಿದ ಅರಮನೆಯ ಸುತ್ತ ಬೆಳೆದು ನಿಂತ ತೆಂಗಿನ ಮರಗಳನ್ನೇ ಕಿತ್ತು ತಂದು ನೆಡಿಸಿದ ತೋಟವೂ ಪ್ರಾಣಿಸಂಗ್ರಹವೂ ಇದ್ದವು.

ಪೋಸ್ಟ್ ಬ್ರೆಜಿಲಿನಲ್ಲೇ ಬರೆದ ತೈಲಚಿತ್ರಗಳಲ್ಲಿ ಇಂದು ಉಳಿದಿರುವುದು ಏಳು ಮಾತ್ರ. ಅವುಗಳಲ್ಲಿ ಮೊದಲನೆಯದು 1637ರ ‘ಇಟಮರಕಾ ದ್ವೀಪದ ನೋಟ’: ತಗ್ಗಾದ ದಿಗಂತ, ನಿಶ್ಚಲ ನೀರು, ದಡದಲ್ಲಿ ಪೋರ್ಚುಗೀಸರು ಮತ್ತು ಅವರ ಆಫ್ರಿಕನ್ ಗುಲಾಮರು, ಮೇಲೆ ಅರ್ಧಕ್ಕಿಂತ ಹೆಚ್ಚು ಬರಿಯ ಆಕಾಶ. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ, 1639ರ ‘ಸಾವೊ ಫ್ರಾನ್ಸಿಸ್ಕೊ ನದಿ’ ಚಿತ್ರ ಇನ್ನೂ ಮುಖ್ಯವಾದದ್ದು. ಅದರ ಮುನ್ನೆಲೆಯಲ್ಲಿ ಕಂಬದಂತೆ ಕವಲೊಡೆದು ನಿಂತ ಒಂದು ಕಳ್ಳಿಗಿಡ, ಅದರ ಪಕ್ಕದಲ್ಲಿ ಒಂದು ಕ್ಯಾಪಿಬಾರ, ಅಂದರೆ ಇಲಿ-ಅಳಿಲುಗಳ ವರ್ಗದ ದಂಶಕಗಳಲ್ಲೇ ಅತಿ ದೊಡ್ಡದಾದ ಪ್ರಾಣಿ. ಆಚೆ ಅಗಲವಾದ ನದಿ, ಎದುರು ದಡದ ದಿಬ್ಬದ ಮೇಲೆ ಡಚ್ಚರ ಮೌರಿಟ್ಸ್ ಕೋಟೆ ಚುಕ್ಕೆಯಷ್ಟು. ಜಯಿಸಿದ ನಾಡಿನ ಗಡಿಯನ್ನು ತೋರಿಸಲು ಬರೆದ ಚಿತ್ರದಲ್ಲಿ ಕೋಟೆಗಿಂತ ಪ್ರಾಣಿ ದೊಡ್ಡದು. ಅದು ಯಾವ ಪುರಾಣಕಥೆಗೂ ಸೇರಿಲ್ಲ, ಯಾರ ಪಂಜರದ್ದೂ ಅಲ್ಲ. ಬಣ್ಣಗಳೂ ಅಷ್ಟೇ ಸಂಯಮದವು, ಬೂದು, ಮಾಸಲು ಹಸಿರು, ಒಣಮಣ್ಣು. ಇಡೀ ಶತಮಾನದ ಡಚ್ ಚಿತ್ರಗಳಲ್ಲಿ ಕಾಡುಪ್ರಾಣಿಯನ್ನು ಅದರ ನೆಲದಲ್ಲಿಯೇ ಕಂಡು, ಒಂಟಿಯಾಗಿ ಬಿಟ್ಟು ಬರೆದ ಇಂಥ ಕೃತಿ ಅಪರೂಪ.

1644ರಲ್ಲಿ ಮೌರಿಟ್ಸ್‌ನ ಜೊತೆ ಊರಿಗೆ ಮರಳಿದ ಪೋಸ್ಟ್ 1646ರಲ್ಲಿ ಹಾರ್ಲೆಮ್‌ನ ವೃತ್ತಿಸಂಘ ಸೇರಿ, ಉಳಿದ ಜೀವಮಾನವೆಲ್ಲ ಬ್ರೆಜಿಲನ್ನೇ ಬರೆದ. ಅವನದೆಂದು ಒಪ್ಪಿರುವ ಸುಮಾರು ನೂರೈವತ್ತು ತೈಲಚಿತ್ರಗಳಲ್ಲಿ ಹೆಚ್ಚಿನವು ಈ ಅವಧಿಯವು. ಕೊಳ್ಳುವವರಿಗೆ ಬೇಕಾದದ್ದು ಬಯಲಾದ ನದಿಯಲ್ಲ, ವಿಚಿತ್ರಗಳಿಂದ ತುಂಬಿದ ದೂರದ ದೇಶ. ರೈಕ್ಸ್‌ಮ್ಯೂಸಿಯಮ್ಮಿನ 1662ರ ‘ಒಲಿಂಡಾದ ನೋಟ’ ಈ ಬದಲಾವಣೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಸುಮಾರು 107 ಸೆಂಟಿಮೀಟರ್ ಎತ್ತರ, 172 ಸೆಂಟಿಮೀಟರ್ ಅಗಲದ ಈ ಕ್ಯಾನ್ವಾಸಿನ ಮುನ್ನೆಲೆಯ ಕತ್ತಲಲ್ಲಿ ಅಗಲ ಎಲೆಯ ಗಿಡಗಳೂ ಬಳ್ಳಿಗಳೂ ಹೆಣೆದುಕೊಂಡಿದ್ದು, ಅವುಗಳ ನಡುವೆ ಉಡದಂಥ ದೊಡ್ಡ ಇಗುವಾನ, ಇರುವೆಭಕ್ಷಕ, ನಮ್ಮ ಚಿಪ್ಪುಹಂದಿಯನ್ನು ನೆನಪಿಸುವ ಕವಚದ ಅರ್ಮಡಿಲೊ ಮೊದಲಾದ ಪ್ರಾಣಿಗಳು ಅಡಗಿವೆ. ನಡುವೆ ಹಸಿರು, ದೂರದಲ್ಲಿ ನೀಲಿ, ಕೋನಿಂಕ್ಸ್‌ಲೋನ ಕಾಲದ ಅದೇ ಮೂರು ಪಟ್ಟಿ. ನಡುಭಾಗದಲ್ಲಿ ಕಾಣುವ ಪಾಳು ಚರ್ಚು 1631ರಲ್ಲಿ ಡಚ್ಚರೇ ಒಲಿಂಡಾ ನಗರಕ್ಕೆ ಬೆಂಕಿಯಿಟ್ಟಾಗ ಹಾಳಾದದ್ದು. ಈ ಚಿತ್ರ ಬರೆಯುವ ಹೊತ್ತಿಗೆ ಬ್ರೆಜಿಲ್ ಡಚ್ಚರ ಕೈತಪ್ಪಿ ಎಂಟು ವರ್ಷವಾಗಿತ್ತು, 1661ರ ಒಪ್ಪಂದದಲ್ಲಿ ಅವರು ಅದರ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟಿದ್ದರು. ಕಳೆದುಕೊಂಡ ನಾಡು ಚಿತ್ರದಲ್ಲಿ ಹೆಚ್ಚು ಹಸಿರಾಯಿತು.

ಈ ಹಸಿರಿನ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ಪೋಸ್ಟ್ ಸಕ್ಕರೆಯ ಗಾಣಗಳನ್ನೂ ಅವುಗಳಲ್ಲಿ ದುಡಿಯುವ ಆಫ್ರಿಕನ್ನರನ್ನೂ ಅನೇಕ ಸಲ ಬರೆದಿದ್ದಾನೆ. ಆದರೆ ಅವನ ಚಿತ್ರಗಳಲ್ಲಿ ಅವರು ಬಿಳಿಬಟ್ಟೆ ತೊಟ್ಟು, ಬುಟ್ಟಿ ಹೊತ್ತು, ಹಾದಿಯಲ್ಲಿ ನಿಂತು ಮಾತಾಡುತ್ತ ನೆಮ್ಮದಿಯಾಗಿರುವಂತೆ ಕಾಣುತ್ತಾರೆ. ಮೌರಿಟ್ಸ್ ಬ್ರೆಜಿಲಿಗೆ ಹೋದ 1637ರಲ್ಲಿಯೇ, ಗಾಣಗಳಿಗೆ ಗುಲಾಮರು ಸಿಗಲೆಂದೇ, ಅವನು ಕಳುಹಿಸಿದ ಹಡಗುಪಡೆ ಪಶ್ಚಿಮ ಆಫ್ರಿಕದ ಎಲ್ಮಿನಾ ಕೋಟೆಯನ್ನು ಗೆದ್ದುಕೊಂಡಿತ್ತು. ಎಲೆಯ ನರಗಳನ್ನೂ ಹಲ್ಲಿಯ ಚರ್ಮವನ್ನೂ ಅಷ್ಟು ಎಚ್ಚರದಿಂದ ಕಂಡ ಕಣ್ಣು ಇಲ್ಲಿನ ನೋವನ್ನು ಬರೆಯದೆ ಬಿಟ್ಟದ್ದನ್ನು ಇಂದಿನ ವಸ್ತುಸಂಗ್ರಹಾಲಯಗಳು ಈ ಚಿತ್ರಗಳ ಪಕ್ಕದ ವಿವರಣೆಗಳಲ್ಲಿ ಹೆಚ್ಚುಹೆಚ್ಚಾಗಿ ಗುರುತಿಸುತ್ತಿವೆ.

ಪೋಸ್ಟ್ ಬ್ರೆಜಿಲಿನಲ್ಲಿ ಬರೆದ ಚಿತ್ರಗಳನ್ನು ಮೌರಿಟ್ಸ್ 1679ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆ ಕಾಣಿಕೆಯಾಗಿ ಕಳುಹಿಸಿದ. ಎಕ್‌ಹೌಟ್‌ನ ಚಿತ್ರಗಳು 1654ರಲ್ಲಿಯೇ ಡೆನ್ಮಾರ್ಕಿನ ದೊರೆಗೆ ಸೇರಿದ್ದವು. ಲೂಯಿಗೆ ಹೀಗೆ ಕಾಣಿಕೆ ಹೋದ ವಿನ್ಯಾಸಗಳನ್ನು ಆಧರಿಸಿ ಪ್ಯಾರಿಸ್ಸಿನ ಗೋಬ್ಲೆಂ ನೇಯ್ಗೆಶಾಲೆ 1687ರಿಂದ ದೊಡ್ಡ ಚಿತ್ರಗಂಬಳಿಗಳನ್ನು ನೇಯಿತು. ಮೌರಿಟ್ಸ್ ಹೇಗ್‌ನಲ್ಲಿ ಕಟ್ಟಿಸಿದ್ದ ಮನೆಯೇ ಇಂದು ಪಾಟರ್‌ನ ಹೋರಿಯೂ ಇಟಮರಕಾದ ನೋಟವೂ ಇರುವ ಮೌರಿಟ್ಸ್‌ಹೌಸ್.

ಊರಿಗೆ ಮರಳಿದ ಮೇಲೆ ದಶಕಗಳ ಕಾಲ ಪೋಸ್ಟ್ ಬ್ರೆಜಿಲಿನ ಪ್ರಾಣಿಗಳನ್ನು ಅಷ್ಟು ಸರಿಯಾಗಿ ಬರೆದದ್ದು ಹೇಗೆಂಬ ಪ್ರಶ್ನೆಗೆ ಬಹುಕಾಲ ಖಚಿತ ಉತ್ತರವಿರಲಿಲ್ಲ. ಹಾರ್ಲೆಮ್‌ನ ದಾಖಲೆ ಸಂಗ್ರಹಾಲಯದಲ್ಲಿ ಅವನ 34 ಪ್ರಾಣಿಚಿತ್ರಗಳು ದೊರೆತಾಗ ಅದಕ್ಕೆ ಉತ್ತರ ಸಿಕ್ಕಿತು. 2016ರಲ್ಲಿ ರೈಕ್ಸ್‌ಮ್ಯೂಸಿಯಂ ಅವುಗಳನ್ನು ತೈಲಚಿತ್ರಗಳ ಜೊತೆ ಪ್ರದರ್ಶಿಸಿತು. ಕೆಲವು ಪೆನ್ಸಿಲಿನ ರೇಖೆಗಳು, ಕೆಲವು ನೀರುಬಣ್ಣದವು. ಕ್ಯಾಪಿಬಾರ, ಇರುವೆಭಕ್ಷಕ, ಜಾಗ್ವಾರ್ ಮೊದಲಾದವುಗಳ ಬದಿಯಲ್ಲಿ ಅವನು ಸಣ್ಣ ಟಿಪ್ಪಣಿಗಳನ್ನೂ ಬರೆದಿಟ್ಟಿದ್ದಾನೆ. ಸಾವೆರಿಯ ಪ್ರಾಗ್ ಹಾಳೆಗಳಂತೆಯೇ ಇವೂ ಚಿತ್ರಶಾಲೆಯ ಬಂಡವಾಳವಾಗಿದ್ದವು, ಮತ್ತು ತೈಲಚಿತ್ರಗಳ ಮುನ್ನೆಲೆಯ ಹಲವು ಪ್ರಾಣಿಗಳನ್ನು ಈ ಹಾಳೆಗಳಿಗೆ ಭಂಗಿಗೆ ಭಂಗಿ ಹೊಂದಿಸಿ ತೋರಿಸಲು ಈಗ ಸಾಧ್ಯವಾಗಿದೆ.